ಪರಿಷೆಯ ತಾರೀಖನ್ನು ತಾಳೆ ನೋಡಿದ್ದು

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಹಳೆಯ ಬಂಗಲೆಯ ನೆಲ ಅಂತಸ್ತಿನಲ್ಲಿ, ಒಂದು ಚಿಕ್ಕ ಕ್ರೈಸ್ತ ಶಾಲೆ ನಡೆಯುತ್ತದೆ. ಎಲ್ಲ ತರಗತಿಗಳನ್ನೂ ಕೂಡಿಸಿದರೆ ಮದುವೆಮನೆಯ ಎರಡು ಪಂಕ್ತಿಗೆ ಸಾಲುವಷ್ಟು ಮಕ್ಕಳಿದ್ದಾರೆ. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ರೈಸ್ತರಲ್ಲದ ಮನೆಗಳಿಂದ ಬರುವವರು. ಬೇರೆ ಶಾಲೆಗಳು ಎಂದೋ ಕೈಬಿಟ್ಟ ಹಳೆಯ ಶಿಕ್ಷಣಕ್ರಮವೊಂದನ್ನು ಅಲ್ಲಿ ಶ್ರದ್ಧೆಯಿಂದ ಉಳಿಸಿಕೊಂಡಿದ್ದಾರೆ. ಚಿಕ್ಕ ಮಕ್ಕಳು ಎಲ್ಲವನ್ನೂ ರಾಗವಾಗಿ ಬಾಯಿಪಾಠ ಮಾಡುತ್ತಾರೆ. ತುಸು ಬೆಳೆದ ಮೇಲೆ, ಬಾಯಿಗೆ ಬಂದದ್ದನ್ನು ತರ್ಕಕ್ಕೆ ಒಡ್ಡುವುದನ್ನು ಕಲಿಯುತ್ತಾರೆ. ಕೊನೆಯ ತರಗತಿಗಳಲ್ಲಿ ಸಭೆಯ ಮುಂದೆ ನಿಂತು ಮಾತನಾಡುವುದನ್ನು ಅಭ್ಯಾಸ ಮಾಡುತ್ತಾರೆ. ಲ್ಯಾಟಿನ್ ವಿಭಕ್ತಿಗಳನ್ನು ಮಗ್ಗಿಯಂತೆ ಹೇಳುವ ಏಳು ವರ್ಷದ ಮಕ್ಕಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನು ಆ ಧರ್ಮದವನಲ್ಲ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದು, ಶಾಸನಗಳ ಕಾಲನಿರ್ಣಯವನ್ನೇ ಜೀವಮಾನದ ಕೆಲಸ ಮಾಡಿಕೊಂಡು, ಸಂಶೋಧನಾ ಸಂಸ್ಥೆಯೊಂದರಿಂದ ನಿವೃತ್ತನಾದವನು. ಇತಿಹಾಸ ಹೇಳಿಕೊಡಲು ಯಾರಾದರೂ ಬೇಕೆಂದು ಆ ಶಾಲೆಯ ಪ್ರಾಂಶುಪಾಲೆ ಪರಿಚಯದವರೊಬ್ಬರ ಮೂಲಕ ಕೇಳಿಸಿದಾಗ, ವಾರಕ್ಕೆ ಎರಡು ದಿನ ಬರುತ್ತೇನೆಂದು ಒಪ್ಪಿಕೊಂಡೆ. ಸಂತೋಷದಿಂದಲೇ ಒಪ್ಪಿಕೊಂಡೆ ಎಂಬುದನ್ನು ಮರೆಮಾಚಬಾರದು. ನನ್ನ ಮಾತನ್ನು ಕೇಳುವವರು ಮನೆಯಲ್ಲಿ ಕಡಿಮೆಯಾಗಿದ್ದರು.

ಶಾಸನದಲ್ಲಿ ವರ್ಷ, ಮಾಸ, ತಿಥಿ, ವಾರ ಎಲ್ಲವನ್ನೂ ಕೊಟ್ಟಿರುತ್ತಾರೆ. ಲೆಕ್ಕ ಹಾಕಿದಾಗ ತಿಥಿಗೂ ವಾರಕ್ಕೂ ಹೊಂದಾಣಿಕೆಯಾಗದಿದ್ದರೆ ಆ ಶಾಸನವನ್ನು ಅನುಮಾನಿಸಬೇಕು. ಅದು ಕೂಟಶಾಸನವೂ, ಎಂದರೆ ಯಾರೋ ಆಮೇಲೆ ಕೆತ್ತಿಸಿದ ನಕಲಿಯೂ, ಆಗಿರಬಹುದು. ಈ ಒಂದು ಅಭ್ಯಾಸ ನನ್ನ ಮೈಗೆ ಹತ್ತಿ ಎಷ್ಟೋ ವರ್ಷಗಳಾಗಿವೆ. ಲಗ್ನಪತ್ರಿಕೆ ಕೈಗೆ ಬಂದರೂ ಮೊದಲು ವಾರವನ್ನು ತಾಳೆ ನೋಡುತ್ತೇನೆ. ತರಗತಿಯಲ್ಲಿ ಇದನ್ನೇ ಆಟವಾಗಿಸಿದೆ. ಯಾರು ಯಾವ ತಾರೀಖು ಹೇಳಿದರೂ, ಹೇಳಿದವರು ನಾನೇ ಆಗಿದ್ದರೂ, ಮಕ್ಕಳು ಕೈಯೆತ್ತಿ "ಹೇಗೆ ಗೊತ್ತು?" ಎಂದು ಕೇಳಬೇಕು. ಆರು ತಿಂಗಳಲ್ಲಿ ಆ ಪ್ರಶ್ನೆ ಶಾಲೆಯ ತುಂಬ ಹಬ್ಬಿತು. ಪ್ರಾಂಶುಪಾಲೆ ರಜೆಯ ದಿನಗಳನ್ನು ಪ್ರಕಟಿಸಿದಾಗಲೂ ಹಿಂದಿನ ಸಾಲಿನಿಂದ "ಹೇಗೆ ಗೊತ್ತು ಮಿಸ್?" ಎಂಬ ದನಿ ಬರುತ್ತಿತ್ತು. ಅವರು ನಕ್ಕು, "ನೀವು ಬಂದ್ಮೇಲೆ ನನ್ ಮಾತಿಗೆ ಬೆಲೆಯೇ ಇಲ್ಲ ಸರ್" ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಏಳನೆಯ ತರಗತಿಗೆ ಚಾಂದ್ರಮಾನವನ್ನು ವಿವರಿಸಲು ನಮ್ಮ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ಆರಿಸಿಕೊಂಡೆ. ಅದು ಕಾರ್ತಿಕ ಮಾಸದ ಕಡೆಯ ಸೋಮವಾರ ಬರುವುದರಿಂದ ಇಂಗ್ಲಿಷ್ ತಾರೀಖು ವರ್ಷ ವರ್ಷವೂ ಬದಲಾಗುತ್ತದೆ. ಮಕ್ಕಳು ತಾವು ಹುಟ್ಟಿದ ವರ್ಷದಿಂದ ಈಚೆಗೆ ಪ್ರತಿ ವರ್ಷ ಪರಿಷೆ ಯಾವ ತಾರೀಖಿಗೆ ಬಂತೆಂಬುದನ್ನು ಹಳೆಯ ಪಂಚಾಂಗಗಳಲ್ಲಿ ಹುಡುಕಿದರು. ಹುಡುಕಿದ್ದನ್ನು, ಆ ಶಾಲೆಯ ರೂಢಿಯಂತೆ, ತಾವೇ ಒಂದು ರಾಗ ಕಟ್ಟಿ ಕಂಠಸ್ಥ ಮಾಡಿದರು. ಮಧ್ಯಾಹ್ನ ಊಟದ ಡಬ್ಬಿ ತೊಳೆಯುವಾಗಲೂ ಅದನ್ನೇ ಹಾಡಿಕೊಳ್ಳುತ್ತಿದ್ದರು.

ಆ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತಂದೆ ಕಲಾಸಿಪಾಳ್ಯದ ಮಾರುಕಟ್ಟೆಯಲ್ಲಿ ತರಕಾರಿಯ ಸಗಟು ವ್ಯಾಪಾರಿ. ತಾಯಿಯದು ಮನೆಯ ಹತ್ತಿರವೇ ಚಿಕ್ಕ ಅಂಗಡಿ. ಹಿಂದೂ ಕುಟುಂಬ. ಮಗಳು ಎರಡನೆಯ ತರಗತಿಯವರೆಗೂ ಬೇರೆಯವರ ಮುಂದೆ ಬಾಯಿ ಬಿಡುತ್ತಿರಲಿಲ್ಲವಂತೆ. ಈ ಶಾಲೆಯಲ್ಲಿ ಮಕ್ಕಳಿಗೆ ನಿಂತು ಮಾತನಾಡುವುದನ್ನು ಕಲಿಸುತ್ತಾರೆಂದು ಯಾರೋ ಹೇಳಿದ ಮೇಲೆ ತಂದು ಸೇರಿಸಿದ್ದರು. ನಾನು ನೋಡುವ ಹೊತ್ತಿಗೆ ಅವಳು ಶಾಲೆಯ ಅತ್ಯುತ್ತಮ ಮಾತುಗಾರ್ತಿಯಾಗಿದ್ದಳು. ಡಿಸೆಂಬರಿನಲ್ಲಿ ನಡೆಯುವ ವಾಚನದ ದಿನಕ್ಕೆ ಎಲ್ಲ ಮನೆಗಳವರೂ ಅಡುಗೆ ಮಾಡಿಕೊಂಡು ಬಂದು ಅಂಗಳದಲ್ಲಿ ಕೂರುತ್ತಾರೆ. ಅಂದಿನ ಮೊದಲ ಭಾಷಣಕ್ಕೆ ಆ ವರ್ಷ ಅವಳನ್ನೇ ಆರಿಸಿದ್ದರು.

ಆ ಶಾಲೆಯಲ್ಲಿ ಹುಟ್ಟುಹಬ್ಬವನ್ನು ಕೇಕು ಕತ್ತರಿಸಿ ಆಚರಿಸುವುದಿಲ್ಲ. ಬೆಳಗಿನ ಪ್ರಾರ್ಥನಾಸಭೆಗೆ ತಂದೆತಾಯಿ ಬರುತ್ತಾರೆ. ಮಗು ತನಗೆ ಇಷ್ಟವಾದ, ಬೈಬಲಿನ ಒಂದು ಕೀರ್ತನೆಯನ್ನು ನೋಡದೆ ಹೇಳುತ್ತದೆ. ಬಳಿಕ ತನ್ನ ಹುಟ್ಟಿನ ವೃತ್ತಾಂತವನ್ನು, ಮನೆಯ ಹಿರಿಯರಿಂದ ಕೇಳಿದಂತೆ, ಸಭೆಗೆ ನಿರೂಪಿಸುತ್ತದೆ. ನಿರೂಪಣೆ ಮುಗಿದ ಮೇಲೆ ಕೇಳುಗರು ಪ್ರಶ್ನೆ ಕೇಳಬಹುದು.

ಅವಳ ಹುಟ್ಟುಹಬ್ಬ ನವೆಂಬರಿನಲ್ಲಿತ್ತು. ತಾರೀಖು ನನಗೆ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಂದು ಹನ್ನೆರಡು ತುಂಬಿದ ಹುಡುಗಿ ಕೀರ್ತನೆ ಹೇಳಿ ಮುಗಿಸಿ, ಕೈ ಕಟ್ಟಿಕೊಂಡು, ತಾಯಿಯ ಕಡೆ ಒಮ್ಮೆ ನೋಡಿ ಶುರುಮಾಡಿದಳು.

"ಅವತ್ತು ಪರಿಷೆ. ನಮ್ಮಪ್ಪ ಮಂಡಿಗೆ ಹೋಗಿರ್ಲಿಲ್ಲ. ವಾಪಸ್ ಬರೋವಾಗ ಆಟೋದವ್ರು ಯಾರೂ ಈ ಕಡೆ ಬರಲ್ಲ ಅಂದ್ಬಿಟ್ರಂತೆ. ಅಪ್ಪ ನನ್ನ ಎತ್ಕೊಂಡು ಆ ಜನದ ಮಧ್ಯದಲ್ಲೇ ನಡ್ಕೊಂಡು ಬಂದ್ರು. ಅಮ್ಮ ಹಿಂದೆ ಬ್ಯಾಗ್ ಹಿಡ್ಕೊಂಡು, ರೀ ನಿಧಾನ, ರೀ ನಿಧಾನ ಅಂತ. ಕಡಲೆಕಾಯಿ ರಾಶಿ ಹಾಕ್ಕೊಂಡು ಕೂತಿದ್ದ ಒಬ್ಬರು ಅಜ್ಜಿ ನನ್ನ ಕೈಗೆ ಒಂದು ಕಾಯಿ ಕೊಟ್ರಂತೆ. ನಾನು ಅದನ್ನ ಮನೆ ತಲುಪೋವರೆಗೂ ಬಿಡ್ಲೇ ಇಲ್ವಂತೆ. ಕಿತ್ಕೊಳ್ಳಕ್ಕೆ ಹೋದ್ರೆ ಅಳೋದಂತೆ. ನಮ್ಮಜ್ಜಿ ನೋಡಿ, ಇವ್ಳು ವ್ಯಾಪಾರದೋರ ಮನೆಗೆ ಸರಿಯಾಗಿದಾಳೆ, ಕೈಗೆ ಬಂದಿದ್ದು ಬಿಡಲ್ಲ ಅಂದ್ರಂತೆ."

ಎಲ್ಲರೂ ನಕ್ಕರು. ಹಿಂದೆ ಸಿಹಿಯ ಡಬ್ಬಿ ಹಿಡಿದು ನಿಂತಿದ್ದ ತಂದೆ ತಲೆ ತಗ್ಗಿಸಿ ನಕ್ಕರು.

ಅವಳ ಪಕ್ಕದಲ್ಲಿ ಕೂರುವ ಸಹಪಾಠಿಯೊಬ್ಬ, ಅವಳ ಸ್ನೇಹಿತನೇ, ಕೈಯೆತ್ತಿದ. ಅವನ ತುಟಿ ಆಗಲೇ ಪರಿಷೆಯ ತಾರೀಖುಗಳ ಆ ರಾಗವನ್ನು ಗುನುಗುತ್ತಿತ್ತು.

"ನೀನು ಹುಟ್ಟಿದ ವರ್ಷ ಪರಿಷೆ ಇವತ್ತಿನ ತಾರೀಖಿಗೆ ಬಂದಿರ್ಲಿಲ್ಲ ಕಣೆ. ಅದರ ಮುಂದಿನ ವರ್ಷ ಬಂದಿತ್ತು. ಹೇಗೆ ಗೊತ್ತು ನಿಂಗೆ?"

"ನಮ್ಮಮ್ಮ ಹೇಳಿದ್ದು."

"ಅಮ್ಮ ಹೇಳಿದ್ದು ಒಂದು ಹೇಳಿಕೆ ಅಷ್ಟೆ. ಸಾಕ್ಷಿ ಬೇಕು."

ಅದು ನನ್ನ ವಾಕ್ಯ. ನನ್ನ ಧಾಟಿಯಲ್ಲೇ ಹೇಳಿದ. ಮತ್ತೆ ನಗು ಎದ್ದಿತು. ಹುಡುಗಿ ನಗಲಿಲ್ಲ. ಎಲ್ಲರ ಮುಖಗಳೂ ತೀರ್ಪಿಗಾಗಿ ನನ್ನ ಕಡೆ ತಿರುಗಿದವು.

ಆಗ ನಾನು "ಆಮೇಲೆ ನೋಡೋಣ" ಎನ್ನಬಹುದಿತ್ತು. ತಾಯಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡದ್ದನ್ನು ನಾನು ಕಂಡಿದ್ದೆ. ಕಂಡೂ ಅದನ್ನು ಗಣಿಸಲಿಲ್ಲ. ನನ್ನ ಮನಸ್ಸು ಆ ಹೊತ್ತಿಗೆ ತಾರೀಖುಗಳನ್ನು ತಾಳೆ ನೋಡಿ ಮುಗಿಸಿ, ಸರಿಯಾದ ಉತ್ತರ ಸಿಕ್ಕಾಗಿನ ಹಳೆಯ ಸುಖದಲ್ಲಿತ್ತು. ಎದ್ದು ನಿಂತು, ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ:

"ಅವನು ಹೇಳಿದ್ದು ಸರಿ. ಹುಟ್ಟಿದ ವರ್ಷ, ಪರಿಷೆಯ ದಿನ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಕಥೆಯ ಒಳಗೇ ಇನ್ನೊಂದು ಸಾಕ್ಷಿ ಇದೆ, ಯಾರಾದರೂ ಗಮನಿಸಿದಿರಾ? ಹಸುಗೂಸು ಕಡಲೆಕಾಯಿಯನ್ನು ಮನೆಯವರೆಗೂ ಹಿಡಿದುಕೊಂಡು ಬರುವುದಿಲ್ಲ. ಕಿತ್ತುಕೊಂಡರೆ ಅಳುವುದಿಲ್ಲ. ಹಾಗಾದರೆ ಪರಿಷೆ ಮುಂದಿನ ವರ್ಷದ್ದೇ. ಅಪ್ಪ ಎತ್ತಿಕೊಂಡು ಬಂದಾಗ ಈ ಮಗುವಿಗೆ ಆಗಲೇ ಒಂದು ವರ್ಷ..."

ವಾಕ್ಯದ ಕೊನೆಗೆ ಬಂದಾಗ ನಾನು ಏನು ಹೇಳುತ್ತಿದ್ದೇನೆಂದು ನನಗೆ ತಿಳಿಯಿತು. ಒಂದು ವರ್ಷದ ಮಗುವನ್ನು ತಂದೆತಾಯಿ ಮೊದಲ ಸಲ ಮನೆಗೆ ಎತ್ತಿಕೊಂಡು ಬರುವುದು ಎಲ್ಲಿಂದ?

ಮುಂದಿನ ಸಾಲಿನಲ್ಲಿದ್ದ ಒಂದನೆಯ ತರಗತಿಯ ಪುಟ್ಟ ಹುಡುಗಿ, ಸ್ಪಷ್ಟವಾದ ದನಿಯಲ್ಲಿ, ಕುತೂಹಲದಿಂದಲೇ ಕೇಳಿದಳು: "ಹಂಗಾದ್ರೆ ಈ ಅಕ್ಕನ್ನ ಎಲ್ಲಿಂದ ತಂದ್ರು ಮಿಸ್?"

ಪ್ರಾಂಶುಪಾಲೆ ಎದ್ದು ಕೂಡಲೇ ಪ್ರಾರ್ಥನೆಗೆ ಕರೆ ಕೊಟ್ಟರು. ಎಲ್ಲರೂ ಕಣ್ಣು ಮುಚ್ಚಿದರು. ಹುಡುಗಿ ಕಣ್ಣು ಮುಚ್ಚದೆ ಅಲ್ಲೇ ನಿಂತಿದ್ದಳು. ನಾನೂ ಮುಚ್ಚಿರಲಿಲ್ಲವಾದ್ದರಿಂದ ಅವಳ ನೋಟ ನನ್ನ ಮೇಲೇ ಇತ್ತೆಂದು ಹೇಳಬಲ್ಲೆ. ಅದರಲ್ಲಿ ಸಿಟ್ಟಿರಲಿಲ್ಲ. ನಾನು ಇನ್ನೂ ಏನಾದರೂ ಹೇಳುತ್ತೇನೇನೋ ಎಂದು ಕಾಯುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ತಂದೆ, ಬಂದ ಕೆಲಸ ಬಿಡಬಾರದೆಂಬಂತೆ, ಸಿಹಿ ಹಂಚಿದರು. ಸಾಲು ಮುಗಿಸಿ ನನ್ನ ಹತ್ತಿರವೂ ಬಂದು ಡಬ್ಬಿ ಚಾಚಿದರು. "ತಗೊಳ್ಳಿ ಸಾರ್." ನಾನು ತೆಗೆದುಕೊಂಡೆ. ಬೇಡವೆನ್ನುವ ಧೈರ್ಯವೂ ಆಗಲಿಲ್ಲ, ತಿನ್ನುವ ಧೈರ್ಯವೂ ಆಗಲಿಲ್ಲ. ಕೈಯಲ್ಲಿ ಮೈಸೂರುಪಾಕು ಕರಗುತ್ತಿತ್ತು.

ವರಾಂಡದಲ್ಲಿ ತಾಯಿ ನನ್ನನ್ನು ನಿಲ್ಲಿಸಿದರು. ಬಯ್ಯುತ್ತಾರೆಂದುಕೊಂಡೆ, ಅವರು ನನಗೆ ವಿವರಣೆ ಕೊಡಲು ನಿಂತಿದ್ದರು. ಅದು ಇನ್ನೂ ಕಷ್ಟವಾಯಿತು.

"ನಾವು ಸುಳ್ಳು ಹೇಳ್ಕೊಟ್ಟಿಲ್ಲ ಸಾರ್. ಅವ್ಳಿಗೆ ಎಲ್ಲಾ ಗೊತ್ತು. ಚಿಕ್ಕೋಳಿದ್ದಾಗ್ಲೇ ಹೇಳಿದೀವಿ. ಹುಟ್ಟಿದ ದಿನ ಯಾವ್ದು ಅಂತ ಯಾರ್ಗೂ ಗೊತ್ತಿಲ್ಲ. ಡಾಕ್ಟ್ರು ನೋಡಿ, ಒಂದು ವರ್ಷ ಇರ್ಬೋದು ಅಂದ್ರು. ಅದಕ್ಕೆ ನಮ್ಮನೆಗೆ ಬಂದ ದಿನಾನೇ ಹುಟ್ಟಿದ ದಿನ ಅಂತ ಮಾಡ್ಕೊಂಡ್ವಿ. ಕ್ಲಾಸಲ್ಲಿ ಯಾವಾಗ ಹೇಳ್ಬೇಕು ಅಂತ ಅವ್ಳೇ ಯೋಚ್ನೆ ಮಾಡ್ತಿದ್ಲು. ದೊಡ್ಡೋಳಾದ್ಮೇಲೆ ನಾನೇ ಹೇಳ್ತೀನಮ್ಮ, ಈಗ ಬೇಡ ಅಂದಿದ್ಲು."

"ನಾನು..." ಎಂದೆ.

"ಬಿಡಿ ಸಾರ್. ನೀವು ಬೇಕು ಅಂತ ಮಾಡಿಲ್ಲ."

ಕಾಲನಿರ್ಣಯದಲ್ಲಿ ನಾನು ತಪ್ಪಿರಲಿಲ್ಲ. ನಾಚಿಕೆ ಹುಟ್ಟಿದ್ದು ಅಲ್ಲಿಂದಲೇ. ತಪ್ಪಿದ್ದರೆ ತಿದ್ದುಪಡಿ ಹಾಕಬಹುದಿತ್ತು. ನಾಲ್ಕು ದಶಕ ನಾನು ಮಾತನಾಡಿಸಿದ್ದು ಕಲ್ಲುಗಳನ್ನು. ಕಲ್ಲಿನ ಮುಂದೆ "ಇದು ಹೊಂದುವುದಿಲ್ಲ" ಎಂದು ಗಟ್ಟಿಯಾಗಿ ಹೇಳಿದರೆ ಕಲ್ಲಿಗೆ ಏನೂ ಆಗುವುದಿಲ್ಲ. ಆ ಸಲಿಗೆಯನ್ನೇ ಮಗುವಿನ ಮುಂದೆಯೂ ತೆಗೆದುಕೊಂಡೆ. ಎಲ್ಲಕ್ಕಿಂತ ಕೆಟ್ಟದ್ದು ಕಡಲೆಕಾಯಿಯ ಮಾತು. ಹುಡುಗ ಅಷ್ಟು ದೂರ ಹೋಗಿರಲಿಲ್ಲ. ಆ ಮನೆಯವರು ವರ್ಷ ವರ್ಷವೂ ಹೇಳಿ ಹೇಳಿ ಮುದ್ದು ಮಾಡಿಟ್ಟುಕೊಂಡಿದ್ದ ಒಂದು ವಿವರವನ್ನು ಎತ್ತಿ, ಅದರಿಂದಲೇ ಅವರ ಕಥೆಯನ್ನು ಒಡೆದವನು ನಾನು.

ಮರುದಿನವೂ ಅವಳು ಶಾಲೆಗೆ ಬಂದಳು, ಆದರೆ ನಿಂತು ಮಾತನಾಡಲಿಲ್ಲ. ಲ್ಯಾಟಿನ್ ಪಾಠದಲ್ಲಿ ಸರದಿ ಬಂದಾಗ ಕೂತೇ ಇರುತ್ತಿದ್ದಳಂತೆ. ವಾಚನದ ದಿನದ ಭಾಷಣ ಬೇಡವೆಂದಳು. ಎರಡನೆಯ ತರಗತಿಯ ಹಳೆಯ ಮೌನ ಮತ್ತೆ ಬಂತೇ ಎಂದು ತಾಯಿ ಪ್ರಾಂಶುಪಾಲೆಯ ಹತ್ತಿರ ಕಣ್ಣೀರಿಟ್ಟರಂತೆ. ಇದನ್ನು ಕೇಳಿದ ದಿನ, ಕೆಲಸ ಬಿಡುತ್ತೇನೆಂದು ಪ್ರಾಂಶುಪಾಲೆಯ ಕೋಣೆಗೆ ಹೋಗಿ ಹೇಳಿದೆ.

ಆಕೆ ನನ್ನ ಮಗಳ ವಯಸ್ಸಿನವರು. ಎಂದೂ ಎದುರು ಮಾತನಾಡಿದವರಲ್ಲ.

"ಬಿಟ್ಟು ಹೋದ್ರೆ ನಿಮಗೆ ಹಗುರ ಆಗತ್ತೆ ಸರ್," ಎಂದರು. "ಅವಳಿಗೇನಾಗತ್ತೆ? ನನ್ನಿಂದ ಸರ್ ಹೋದ್ರು ಅನ್ನೋದೂ ಅವಳ ತಲೆ ಮೇಲೇ ಬರತ್ತೆ."

"ಹಾಗಾದರೆ ಸಭೆಯಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ."

"ದಯವಿಟ್ಟು ಬೇಡ ಸರ್. ಸಭೆಯಲ್ಲಿ ಇನ್ನೊಂದು ಸಲ ಅದನ್ನೇ ಹೇಳ್ದಂಗಾಗತ್ತೆ. ಅವರ ಮನೆಗೆ ಹೋಗಿ. ನಮ್ಮ ಕ್ರಮ ಗೊತ್ತಲ್ಲ?"

ಗೊತ್ತಿತ್ತು. ಆ ಶಾಲೆಯಲ್ಲಿ ತಪ್ಪು ಮಾಡಿದವರು "ಸಾರಿ" ಎಂದು ಜಾರಿಕೊಳ್ಳುವಂತಿಲ್ಲ. ಮಾಡಿದ್ದೇನೆಂದು ತಾವೇ ಬಾಯಿಬಿಟ್ಟು ಹೇಳಬೇಕು, ಕಾರಣ ಸೇರಿಸಬಾರದು, ಆಮೇಲೆ ಕ್ಷಮಿಸುತ್ತೀಯಾ ಎಂದು ಕೇಳಬೇಕು. ಕೇಳಿಸಿಕೊಂಡವರೂ "ಪರವಾಗಿಲ್ಲ" ಎಂದು ತೇಲಿಸಬಾರದು. ಕ್ಷಮಿಸಿದ್ದರೆ ಕ್ಷಮಿಸಿದೆ ಎನ್ನಬೇಕು, ಆಗದಿದ್ದರೆ "ಇನ್ನೂ ಇಲ್ಲ" ಎನ್ನಬಹುದು. ಇನ್ನೂ ಇಲ್ಲವೆಂದ ಮೇಲೆ ಕೇಳಿದವರು ಮತ್ತೆ ಕೇಳುವಂತಿಲ್ಲ, ಕಾಯಬೇಕು. ಮಕ್ಕಳು ಪೆನ್ಸಿಲು ಮುರಿದದ್ದಕ್ಕೂ ಹೀಗೆ ಮಾಡುವುದನ್ನು ಕಂಡು ನಾನು ಒಳಗೊಳಗೇ ನಕ್ಕಿದ್ದೆ.

ಭಾನುವಾರ ಸಂಜೆ ಅವರ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟರು. ತಂದೆ ಶರಟು ಹಾಕಿಕೊಂಡು ಬಂದು ಎದುರು ಕೂತರು. ಹುಡುಗಿ ನಡುಮನೆಯ ಹೊಸ್ತಿಲ ಮೇಲೆ ಕೂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಹೇಳತೊಡಗಿದೆ. "ನೀನು ಹೇಳಬೇಕಾಗಿದ್ದದ್ದನ್ನು ನಾನು ಹೇಳಿಬಿಟ್ಟೆ. ಎಲ್ಲರ ಮುಂದೆ ಹೇಳಿದೆ. ಆದರೆ ನನಗೆ ಆ ಕ್ಷಣದಲ್ಲಿ..."

"ಆದರೆ ಅನ್ನೋ ಹಾಗಿಲ್ಲ ಸರ್," ಎಂದಳು ಹುಡುಗಿ. ಆ ದಿನದ ನಂತರ ಅವಳು ನನಗೆ ಆಡಿದ ಮೊದಲ ಮಾತು ಅದು.

"ಏಯ್," ಎಂದರು ತಾಯಿ.

"ಅವಳು ಹೇಳಿದ್ದು ಸರಿ," ಎಂದೆ. ಆದರೆಯನ್ನು ಬಿಟ್ಟು ಮತ್ತೆ ಮೊದಲಿಂದ ಹೇಳಿದೆ. ನಿನ್ನದಾಗಿದ್ದ ಮಾತನ್ನು ನಿನ್ನಿಂದ ಕಿತ್ತುಕೊಂಡೆ. ನಿನ್ನ ಅಮ್ಮನ ಮುಖ ಕಂಡ ಮೇಲೂ ನಿಲ್ಲಿಸಲಿಲ್ಲ. ಕ್ಷಮಿಸುತ್ತೀಯಾ? ಅಷ್ಟೇ ವಾಕ್ಯಗಳಾದವು. ಕಾರಣಗಳನ್ನು ತೆಗೆದರೆ ನನ್ನ ಹತ್ತಿರ ಮಾತು ಇಷ್ಟೇ ಉಳಿಯುತ್ತದೆಂದು ನಾನು ಎಣಿಸಿರಲಿಲ್ಲ.

ಅವಳು ಬಹಳ ಹೊತ್ತು ಹೊಸ್ತಿಲ ಮೇಲಿನ ರಂಗೋಲಿಯ ಗೆರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಇನ್ನೂ ಇಲ್ಲ ಸರ್."

"ಹಂಗನ್ತಾರಾ ದೊಡ್ಡೋರಿಗೆ? ಮನೆ ತನಕ ಬಂದಿದಾರೆ," ಎಂದು ತಾಯಿ ಗದರಿದರು. ತಂದೆ, "ಇರ್ಲಿ ಬಿಡೆ, ಅವ್ಳಿಗೆ ಅನ್ನಿಸಿದ್ದು ಅವ್ಳು ಹೇಳವ್ಳೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕಾಫಿ ಆರೋಗತ್ತೆ, ಕುಡೀರಿ ಸಾರ್" ಎಂದರು.

ವಾಚನದ ದಿನ ಬೇರೊಬ್ಬ ಹುಡುಗ ಭಾಷಣ ಮಾಡಿದ. ಚೆನ್ನಾಗಿಯೇ ಮಾಡಿದ. ಅವಳು ಹಾಡುವ ಮಕ್ಕಳ ಮೇಳದ ಹಿಂದಿನ ಸಾಲಿನಲ್ಲಿದ್ದಳು. ತುಟಿ ಅಲುಗುತ್ತಿತ್ತು, ದನಿ ಇತ್ತೋ ಇಲ್ಲವೋ ಹೇಳಲಾರೆ. ಊಟಕ್ಕೆ ಕೂತಾಗ ಅವಳ ತಾಯಿ ತಂದಿದ್ದ ಅವರೆಕಾಳಿನ ಉಪ್ಪಿಟ್ಟನ್ನು ನನ್ನ ಎಲೆಗೂ ಬಡಿಸಿದರು. ನಾನು ಆ ಇಡೀ ಮಧ್ಯಾಹ್ನ ಯಾರ ಜೊತೆಗೂ ಇತಿಹಾಸ ಮಾತನಾಡಲಿಲ್ಲ.

ತರಗತಿಯಲ್ಲಿ "ಹೇಗೆ ಗೊತ್ತು?" ಎಂದು ಕೇಳುವವರೇ ಇಲ್ಲವಾದರು. ನಾನು ಬೇಕೆಂದೇ ಒಂದು ತಾರೀಖನ್ನು ತಪ್ಪು ಹೇಳಿದರೂ ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅಂದು ಪ್ರಶ್ನೆ ಕೇಳಿದ್ದ ಹುಡುಗ ಒಂದು ದಿನ ಗೇಟಿನ ಹತ್ತಿರ ನನಗಾಗಿ ನಿಂತಿದ್ದ.

"ನಾನು ಕೇಳಿದ್ದು ತಪ್ಪಾ ಸರ್?"

"ನೀನು ಕೇಳಿದ್ದು ನಾನು ಕಲಿಸಿದ್ದನ್ನ. ತಪ್ಪು ನನ್ನದು."

"ಅವಳು ನನ್ ಜೊತೆ ಮಾತಾಡ್ತಾಳೆ ಸರ್. ನಂಗೆ ಕ್ಷಮಿಸಿದೆ ಅಂದ್ಳು." ನನ್ನ ಮೇಲೆ ಕನಿಕರದಿಂದಲೇ ಸೇರಿಸಿದ: "ನಂದು ಬರೀ ತಾರೀಖು ಅಂತೆ. ಕಡಲೆಕಾಯಿದು ನಿಮ್ದಂತೆ."

ನಾನು ಒಳಗೊಳಗೇ ಹೂತಿಟ್ಟುಕೊಂಡಿದ್ದ ಮಾತನ್ನು ಹನ್ನೆರಡು ವರ್ಷದವಳು ಸ್ಪಷ್ಟವಾಗಿ ವಿಂಗಡಿಸಿಟ್ಟಿದ್ದಳು.

ಸಂಕ್ರಾಂತಿಯ ರಜೆ ಕಳೆದ ಮೇಲೆ ಒಂದು ಬೆಳಿಗ್ಗೆ ಪ್ರಾಂಶುಪಾಲೆ ನನ್ನನ್ನು ತರಗತಿಯ ಬಾಗಿಲಲ್ಲೇ ತಡೆದರು.

"ಇವತ್ತು ನಿಮ್ಮ ಪೀರಿಯಡ್ ಮೊದಲ್ನೇ ಅರ್ಧ ಅವಳು ಕೇಳಿದಾಳೆ ಸರ್. ಕ್ಲಾಸಿಗೆ ತಾನೇ ಹೇಳ್ತಾಳಂತೆ. ಎಲ್ಲಾ, ಮೊದಲಿಂದ." ಸ್ವಲ್ಪ ಸಂಕೋಚಪಟ್ಟರು. "ನೀವು ಇರಬಾರದಂತೆ."

"ಸರಿ," ಎಂದೆ.

ವರಾಂಡದ ಬೆಂಚಿನ ಮೇಲೆ ಕೂತೆ. ಒಳಗಿಂದ ಬೆಂಚು ಎಳೆದ ಸದ್ದು, ಕೆಮ್ಮು, ಆಮೇಲೆ ಅವಳ ದನಿ. ನಿಂತು ಮಾತನಾಡುವವರ ದನಿ ಬೇರೆ. ಅದು ಕಿಟಕಿಯ ಮೇಲ್ಭಾಗದಿಂದ ಬರುತ್ತಿತ್ತು. ಮೊದಲ ಎರಡು ಪದಗಳು ಸ್ಪಷ್ಟವಾಗಿ ಕೇಳಿಸಿದವು. ಇನ್ನೊಂದು ಕ್ಷಣ ಕೂತಿದ್ದರೆ ಎಲ್ಲವೂ ಕೇಳಿಸುತ್ತಿತ್ತು. ಎದ್ದು, ಅಂಗಳ ದಾಟಿ, ಗೇಟಿನ ಹೊರಗೆ ರಸ್ತೆಯಲ್ಲಿ ಹೋಗಿ ನಿಂತೆ. ಒಬ್ಬ ಆಟೋದವನು ನಿಧಾನಿಸಿ "ಎಲ್ಲಿಗೆ ಸಾರ್?" ಎಂದ. ಎಲ್ಲಿಗೂ ಇಲ್ಲವೆಂದೆ. ಶಾಲೆಯೊಳಗೆ ಒಮ್ಮೆ ಎಲ್ಲರೂ ಒಟ್ಟಿಗೆ ನಕ್ಕದ್ದು ರಸ್ತೆಯವರೆಗೂ ಕೇಳಿಸಿತು. ಯಾವ ಮಾತಿಗೆ ನಕ್ಕರೋ ತಿಳಿಯದು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

ಕೊನೆಗೆ ಅವಳೇ ಗೇಟಿನವರೆಗೆ ಬಂದಳು. ಅತ್ತಂತೆ ಕಾಣಲಿಲ್ಲ, ಓಡಿ ಬಂದವರ ಹಾಗೆ ಕೆನ್ನೆ ಕೆಂಪಾಗಿತ್ತು.

"ಆಯ್ತು ಸರ್. ಬನ್ನಿ."

ನಾನು ಅವಳ ಹಿಂದೆ ನಡೆದೆ. ಅಂಗಳದ ನಡುವೆ ಅವಳು ತಿರುಗಿ ನೋಡಿ, ನಾನು ತಪ್ಪು ತಿಳಿಯಬಾರದೆಂಬಂತೆ, "ಕ್ಷಮಿಸೋದು ಬೇರೆ ಸರ್. ಅದಿನ್ನೂ ಯೋಚ್ನೆ ಮಾಡ್ತಿದೀನಿ" ಎಂದಳು.

"ಮಾಡಮ್ಮ," ಎಂದೆ.

ತರಗತಿಯಲ್ಲಿ ಮಕ್ಕಳು ಎದ್ದು ನಿಂತರು. ಅವರಿಗೆ ತಿಳಿದದ್ದು ನನಗೆ ತಿಳಿಯದು ಎಂಬುದು ಅವರ ಮುಖಗಳಲ್ಲಿತ್ತು. ಅವಳು ಎಲ್ಲಿಂದ ಶುರುಮಾಡಿದಳು, ಯಾವ ವರ್ಷ ಹೇಳಿದಳು, ನನ್ನ ಹೆಸರು ಬಂತೇ, ಇದೊಂದನ್ನೂ ನಾನು ಕೇಳಲಿಲ್ಲ; ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ. ಸೀಮೆಸುಣ್ಣ ಕೈಗೆತ್ತಿಕೊಂಡು, ಹಿಂದಿನ ಪಾಠ ಎಲ್ಲಿಗೆ ನಿಂತಿತ್ತು ಎಂದೆ. ಕಿಟಕಿಯ ಪಕ್ಕದ ಬೆಂಚಿನಿಂದ ಅವಳು ಎದ್ದು ನಿಂತು, ಎಲ್ಲಿಗೆ ನಿಂತಿತ್ತೆಂದು ಹೇಳಿದಳು.